ಹಳೇ ಕಾರಿನ ಕೇಸ್ ಶೀಟ್

ಅಂಕಣ: ಸ್ಟೆತಸ್ಕೋಪ್ ಕೆಳಗಿಟ್ಟು

ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಎರಡು ತಿಂಗಳು ಇರುವಾಗ ನಮ್ಮ ಸ್ಮರಣ ಸಂಚಿಕೆಯ ಸಂಪಾದಕರ ಫೋನ್ ಬರುತ್ತದೆ. ಈ ಸಲ ಅವರು ನಮಸ್ಕಾರಕ್ಕಿಂತ ಮೊದಲು ಷರತ್ತು ಹಾಕಿದರು. "ಡಾಕ್ಟ್ರೇ, ದಯವಿಟ್ಟು ಈ ವರ್ಷ ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟ್ರಾಲ್ ಮೂರೂ ಬೇಡ. ಹೋದ ಸಲ ನಿಮ್ಮ ಲೇಖನ ಓದಿದ ಮೇಲೆ ನಮ್ಮ ಮನೆಯಲ್ಲಿ ಹೋಳಿಗೆಗೆ ತುಪ್ಪ ಹಾಕುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ!" ಸರಿ, ಅವರ ಹೋಳಿಗೆಗೆ ತುಪ್ಪ ವಾಪಸ್ ಬರಲಿ ಎಂಬ ಸದುದ್ದೇಶದಿಂದ ಈ ವರ್ಷ ಕಾರಿನ ವಿಷಯ ಬರೆಯುತ್ತಿದ್ದೇನೆ.

ವಿಷಯ ಕೊಟ್ಟವರು ನಮ್ಮ ಸಂಘದ ಒಬ್ಬ ಹೊಸ ಸದಸ್ಯರು. ಒಂದು ಶುಕ್ರವಾರ ಪಾರ್ಕಿನಲ್ಲಿ ಚಿತ್ರಾನ್ನ ತಿನ್ನುತ್ತಾ ಕೇಳಿದರು: "ಸರ್, ಜಪಾನಿನಲ್ಲಿ ಹಳೇ ಕಾರು ಭಾರಿ ಅಗ್ಗವಂತೆ. ಯಾರೋ ಏಜೆಂಟ್ ಹಿಡಿದು ಹರಾಜಿನಲ್ಲಿ ಕೂಗಿಸಿ, ಹಡಗಿಗೆ ಹಾಕಿಸಿದರೆ ಸೋಹಾರ್ ಬಂದರಿಗೇ ಬಂದಿಳಿಯುತ್ತದಂತೆ. ತರಿಸಿಬಿಡಲಾ?"

ನಾನು ಮೆಕ್ಯಾನಿಕ್ ಅಲ್ಲ. ಆದರೂ ಈ ವಿಷಯದಲ್ಲಿ ನನಗೆ ಒಂದಿಷ್ಟು ಅನುಭವವಿದೆ. ಅದರಲ್ಲಿ ಅರ್ಧ ಹೆಮ್ಮೆಯಿಂದ ಹೇಳುವಂಥದ್ದು, ಇನ್ನರ್ಧ ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದದ್ದು.

ಮೊದಲು ಆ ಸದಸ್ಯರ ಪ್ರಶ್ನೆಗೆ ಉತ್ತರ. ಜಪಾನಿನವರು ನಮ್ಮ ಊರಿನವರ ಹಾಗೆ ರಸ್ತೆಯ ಎಡಗಡೆ ಓಡಿಸುತ್ತಾರೆ, ಹೀಗಾಗಿ ಅವರ ಕಾರಿನ ಸ್ಟಿಯರಿಂಗ್ ಬಲಕ್ಕಿರುತ್ತದೆ. ಒಮಾನಿನಲ್ಲಿ ಎಲ್ಲವೂ ತದ್ವಿರುದ್ಧ. ಇಲ್ಲಿಗೆ ಬಂದ ಹೊಸದರಲ್ಲಿ ಡ್ರಮ್ ಟೆಸ್ಟ್, ಸ್ಲೋಪ್ ಟೆಸ್ಟ್, ರೋಡ್ ಟೆಸ್ಟ್ ಎಂದು ಬೆವರು ಸುರಿಸಿ ಲೈಸೆನ್ಸ್ ಪಡೆದ ನಮಗೆಲ್ಲ ಆ ವ್ಯತ್ಯಾಸ ಎಷ್ಟೆಂದು ಗೊತ್ತು. ಎಂ.ಡಿ. ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದ ನಾನು ಡ್ರಮ್ ಟೆಸ್ಟಿನಲ್ಲಿ ಎರಡು ಸಲ ನಪಾಸಾದವನು! ಬಲ ಸ್ಟಿಯರಿಂಗಿನ ಕಾರಿಗೆ ಇಲ್ಲಿ ಮುಲ್ಕಿಯಾ ಸಿಗುವುದಿಲ್ಲ. ಸ್ಟಿಯರಿಂಗನ್ನು ಎಡಕ್ಕೆ ಬದಲಾಯಿಸಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಸ್ಟಿಯರಿಂಗ್ ಕಂಬ, ಬ್ರೇಕ್ ಪೆಡಲ್, ಏರ್‌ಬ್ಯಾಗ್, ಡ್ಯಾಶ್‌ಬೋರ್ಡಿನ ಹಿಂದಿನ ವೈರುಗಳು ಎಲ್ಲವನ್ನೂ ಕತ್ತರಿಸಿ ಜೋಡಿಸುವ ಕೆಲಸ ಅದು. ಹೃದಯದ ಶಸ್ತ್ರಕ್ರಿಯೆಯನ್ನು ಬೀದಿ ಬದಿಯಲ್ಲಿ ಮಾಡಿಸಿಕೊಂಡ ಹಾಗೆ. ಜಪಾನಿನ ಹರಾಜುಗಳಲ್ಲಿ ಎಡ ಸ್ಟಿಯರಿಂಗಿನ ಯುರೋಪಿಯನ್ ಕಾರುಗಳೂ ಒಂದಿಷ್ಟು ಬರುತ್ತವೆ ಎನ್ನುವುದು ನಿಜ. ಅದರ ಆಸೆ ಇದ್ದವರು ಇಲ್ಲಿನ ಟ್ರಾಫಿಕ್ ಪೊಲೀಸ್ ಮತ್ತು ಕಸ್ಟಮ್ಸ್ ಕಚೇರಿಯಲ್ಲಿ ಕಾರಿನ ವಯಸ್ಸಿನ ಮಿತಿ, ಸುಂಕ, ತಪಾಸಣೆ ಎಲ್ಲ ಕೇಳಿಕೊಂಡೇ ಹಣ ಕಟ್ಟಬೇಕು. ಇಲ್ಲಿನ ಸೆಕೆಗೆಂದು ಮಾಡಿದ ರೇಡಿಯೇಟರ್, ಏಸಿ ಅದರಲ್ಲಿ ಇರುವುದಿಲ್ಲ ಎಂಬುದೂ ನೆನಪಿರಲಿ.

"ಹಾಗಾದರೆ ಊರಿಗೇ ಕಳಿಸಿಬಿಡೋಣ, ಅಲ್ಲಿ ಬಲ ಸ್ಟಿಯರಿಂಗೇ ತಾನೇ" ಎಂದರು ಅವರು. ಅಲ್ಲಿಯೂ ಬಾಗಿಲು ಅರ್ಧವೇ ತೆರೆದಿದೆ. ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಮುಂಬೈ ಬಂದರಿನ ಮೂಲಕವೇ ಬರಬೇಕು. ಸುಂಕವೋ, ಕಾರಿನ ಬೆಲೆಯನ್ನೇ ಮೀರಿಸುತ್ತದೆ. ಮೂಗಿಗಿಂತ ಮೂಗುತಿ ಭಾರ.

ಹಾಗಿದ್ದರೆ ಜಪಾನಿನ ಹಳೇ ಕಾರುಗಳು ಎಲ್ಲಿಗೆ ಹೋಗುತ್ತವೆ? ನ್ಯೂಜಿಲೆಂಡಿಗೆ 1980ರ ದಶಕದ ಕೊನೆಯಿಂದ ಎಷ್ಟು ಹೋದವೆಂದರೆ, 1998ರಲ್ಲಿ ಅಲ್ಲಿನ ಕೊನೆಯ ಕಾರು ಜೋಡಣೆ ಕಾರ್ಖಾನೆಗಳೂ ಮುಚ್ಚಿದವು. ಕೀನ್ಯಾಗೆ ಹೋಗುತ್ತವೆ, ಅಲ್ಲಿ ಎಂಟು ವರ್ಷ ಮೀರಿದ್ದಕ್ಕೆ ಪ್ರವೇಶವಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದ ರಸ್ತೆಗಳಲ್ಲೂ ಧಾರಾಳವಾಗಿ ಕಾಣುತ್ತವೆ. ನಮ್ಮ ಪಕ್ಕದ ದುಬೈ, ಶಾರ್ಜಾಗಳಿಗೂ ಬಂದು ಅಲ್ಲಿಂದ ಆಫ್ರಿಕಾಕ್ಕೆ ಮರುಪಯಣ ಮಾಡುತ್ತವೆ. ಮತ್ತು ತಾಂಜಾನಿಯಾ, ಜಾಂಜಿಬಾರಿಗೆ ಹೋಗುತ್ತವೆ. ನನ್ನ ಕಥೆ ಶುರುವಾಗುವುದು ಈ ಜಾಂಜಿಬಾರಿನಿಂದ.

ಒಮಾನಿನಲ್ಲಿ ಇದ್ದವರಿಗೆ ಜಾಂಜಿಬಾರಿನ ನಂಟು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸುಲ್ತಾನ್ ಸಯೀದ್ ತಮ್ಮ ರಾಜಧಾನಿಯನ್ನೇ ಮಸ್ಕತ್‌ನಿಂದ ಆ ದ್ವೀಪಕ್ಕೆ ಒಯ್ದಿದ್ದರು. 1964ರ ಕ್ರಾಂತಿಯ ನಂತರ, ಅದರಲ್ಲೂ 1970ರಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದ ಮೇಲೆ, ಅಲ್ಲಿದ್ದ ಅನೇಕ ಒಮಾನಿ ಕುಟುಂಬಗಳು ಇಲ್ಲಿಗೆ ಮರಳಿದವು. ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ ತಮ್ಮೊಳಗೆ ಸ್ವಾಹಿಲಿ ಮಾತಾಡುವ ಒಮಾನಿಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಅಂಥವರಲ್ಲಿ ಒಬ್ಬರು. ನನ್ನನ್ನು ಅವರು ಕರೆಯುವುದೇ "ದಕ್ತಾರಿ" ಎಂದು.

2015ರಲ್ಲಿ ಒಂದು ದಿನ ಅವರು ಒ.ಪಿ.ಡಿ. ಮುಗಿಯುವ ಹೊತ್ತಿಗೆ ಒಂದು ಕಾಗದ ಹಿಡಿದು ಬಂದರು. ಜಾಂಜಿಬಾರಿನಲ್ಲಿರುವ ಅಕ್ಕನಿಗೆ ಜಪಾನಿನಿಂದ ಒಂದು ಟೊಯೋಟಾ ಕೊಡಿಸುತ್ತಿದ್ದರು. "ದಕ್ತಾರಿ, ನಮ್ಮ ದಲಾಲಿ ಇದನ್ನು ಕಳಿಸಿದ್ದಾನೆ. ನನಗೊಂದೂ ತಿಳಿಯುತ್ತಿಲ್ಲ. ನೀವು ಓದಿದವರು, ನೋಡಿ."

ದಲಾಲಿ! ನನಗೆ ನಗು ಬಂತು. ಸ್ವಾಹಿಲಿಯ ದಲಾಲಿ, ಕನ್ನಡದ ದಲ್ಲಾಳಿ, ಎರಡೂ ಅರಬ್ಬಿಯ "ದಲ್ಲಾಲ್" ಎಂಬ ಒಂದೇ ಬೇರಿನವು. ನಮ್ಮ "ಹರಾಜು" ಕೂಡ ಅರಬ್ಬಿಯ "ಹರಾಜ್"ನಿಂದ ಬಂದದ್ದೇ. ಹಿಂದೂ ಮಹಾಸಾಗರದ ಗಾಳಿ ಮೂರು ದಡಕ್ಕೂ ಒಂದೇ ಮಾತನ್ನು ಹೊತ್ತು ತಂದಿದೆ. ಅರಬ್ಬಿಯಲ್ಲಿ ಆ ಧಾತುವಿಗೆ ತೋರಿಸು, ದಾರಿ ಹೇಳು ಎಂಬ ಅರ್ಥವಂತೆ. ನಮ್ಮಲ್ಲಿ ಮಾತ್ರ ಅದೇಕೋ ದಲ್ಲಾಳಿ ಎಂದರೆ ಬೈಗುಳದ ಧಾಟಿ ಬಂದುಬಿಟ್ಟಿದೆ.

ಆ ಕಾಗದದಲ್ಲಿ ಏನಿತ್ತು ಹೇಳುತ್ತೇನೆ. ಮಧ್ಯದಲ್ಲಿ ಕಾರಿನ ಒಂದು ಚಿತ್ರ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲ ನಾಲ್ಕು ದಿಕ್ಕಿಗೂ ಬಿಡಿಸಿ ಹರಡಿದ ಹಾಗೆ. ಪಿ.ಯು.ಸಿ.ಯಲ್ಲಿ ಮೇಣದ ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಮಲಗಿಸಿದ್ದ ಕಪ್ಪೆ ನೆನಪಾಯಿತು. ಆ ಚಿತ್ರದ ಮೇಲೆ ಅಲ್ಲಲ್ಲಿ ಪೆನ್ನಿನಲ್ಲಿ ಎ1, ಯು2, ಡಬ್ಲ್ಯು1 ಎಂಬ ಗುರುತುಗಳು. ಬಲ ಮೂಲೆಯಲ್ಲಿ ಗ್ರೇಡ್. ಕೆಳಗೆ ಜಪಾನಿ ಲಿಪಿಯಲ್ಲಿ ಯಾರೋ ಗೀಚಿದ ಟಿಪ್ಪಣಿ. ಆ ಅಕ್ಷರ ನೋಡಿದೊಡನೆ ಬರೆದವನೂ ನನ್ನ ಹಾಗೆ ಡಾಕ್ಟರೇ ಇರಬೇಕು ಅನ್ನಿಸಿತು!

ಅದು ಹರಾಜಿನ ತಪಾಸಣಾ ಪಟ್ಟಿ, ಆಕ್ಷನ್ ಶೀಟ್. ಅದರ ಹಿಂದಿನ ವ್ಯವಸ್ಥೆ ಸ್ವಾರಸ್ಯವಾಗಿದೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಪ್ರತಿ ಎರಡು ವರ್ಷಕ್ಕೊಮ್ಮೆ "ಶಾಕೆನ್" ಎಂಬ ಕಡ್ಡಾಯ ತಪಾಸಣೆ. ಅದರ ಖರ್ಚು ಜಾಸ್ತಿ. ಆದ್ದರಿಂದ ಶಾಕೆನ್ ಹತ್ತಿರ ಬಂತೆಂದರೆ ಎಷ್ಟೋ ಜನ ಚೆನ್ನಾಗಿರುವ ಕಾರನ್ನೇ ಮಾರಿಬಿಡುತ್ತಾರೆ. ಅವು ಸಗಟು ಹರಾಜಿಗೆ ಬರುತ್ತವೆ. 1980ರಲ್ಲಿ ಐಚಿ ಪ್ರಾಂತದಲ್ಲಿ ಶುರುವಾದ ಯು.ಎಸ್.ಎಸ್. ಎಂಬ ಸಂಸ್ಥೆ ಇದರಲ್ಲಿ ಅತಿ ದೊಡ್ಡದು. ಟೋಕಿಯೋ ಬಳಿಯ ನೋಡಾದಲ್ಲಿರುವ ಅದರ ಅಂಗಳದಲ್ಲಿ ಪ್ರತಿ ಗುರುವಾರ ಸಾವಿರಾರು ಕಾರು ಹರಾಜಾಗುತ್ತವೆ, ಒಂದೊಂದಕ್ಕೆ ಕೆಲವೇ ಸೆಕೆಂಡು. ಕೂಗಲು ಸದಸ್ಯರಿಗೆ ಮಾತ್ರ ಅವಕಾಶ. ದೂರದ ನಮ್ಮಂಥವರಿಗೆ ದಲ್ಲಾಳಿ ಬೇಕಾಗುವುದು ಅಲ್ಲಿಯೇ. ನಾವು ಮುಂಗಡ ಕಟ್ಟಿ, ಇಷ್ಟರವರೆಗೆ ಕೂಗು ಎಂದು ಮಿತಿ ಹೇಳಬೇಕು. ಅವನು ತಪಾಸಣಾ ಪಟ್ಟಿ ಓದಿ ಹೇಳಿ, ಕೂಗಿ, ಕೊಂಡು, ಅಲ್ಲಿನ ನೋಂದಣಿ ರದ್ದು ಮಾಡಿಸಿ, ಹಡಗಿಗೆ ಹತ್ತಿಸಿ, ಬಿಲ್ ಆಫ್ ಲೇಡಿಂಗ್ ಮುಂತಾದ ಮೂಲ ಕಾಗದಗಳನ್ನು ಕೊರಿಯರ್ ಮಾಡುತ್ತಾನೆ. ಅದಕ್ಕೆ ಅವನ ಫೀಸು.

ಸಾವಿರಾರು ಕಾರನ್ನು ಕೊಳ್ಳುವವರೆಲ್ಲ ಬಂದು ಮುಟ್ಟಿ ನೋಡಲು ಆಗುವುದಿಲ್ಲವಲ್ಲ. ಹಾಗಾಗಿ ಹರಾಜು ಸಂಸ್ಥೆಯ ತಪಾಸಿಗನೇ ಪ್ರತಿ ಕಾರನ್ನೂ ನೋಡಿ ಪಟ್ಟಿ ಬರೆಯುತ್ತಾನೆ. ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯು ಎಂದರೆ ರಿಪೇರಿ ಮಾಡಿ ಬಣ್ಣ ಬಳಿದ ಅಲೆ, ಎಸ್ ಎಂದರೆ ತುಕ್ಕು, ಎರಡು ಎಕ್ಸ್ ಎಂದರೆ ಆ ಭಾಗ ಬದಲಾಗಿದೆ. ಪಕ್ಕದ ಅಂಕಿ ದೊಡ್ಡದಾದಷ್ಟೂ ಗಾಯ ದೊಡ್ಡದು. ಒಟ್ಟಾರೆ ಗ್ರೇಡ್ ನಾಲ್ಕೂವರೆ ಇದ್ದರೆ ಬಹಳ ಚೆನ್ನ, ನಾಲ್ಕು ಚೆನ್ನ, ಮೂರೂವರೆ ಪರವಾಗಿಲ್ಲ. ಆರ್ ಎಂದಿದ್ದರೆ ಚಾಸಿಗೋ ಚೌಕಟ್ಟಿಗೋ ಪೆಟ್ಟು ಬಿದ್ದು ರಿಪೇರಿಯಾದ ಕಾರು. ಬಂಪರ್ ಬದಲಾದರೆ ಅದು ಚರ್ಮದ ಗಾಯ, ಚೌಕಟ್ಟು ಬಾಗಿದ್ದರೆ ಮೂಳೆ ಮುರಿತ. ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಾರೆ. ವರ್ಷವನ್ನು ಮಾತ್ರ ಚಕ್ರವರ್ತಿಯ ಶಕೆಯಲ್ಲಿ ಬರೆಯುತ್ತಾರೆ. ಹೇಸೇ ಶಕೆಯ ಅಂಕಿಗೆ 1988 ಕೂಡಿಸಿ, 2019ರಿಂದ ಶುರುವಾದ ರೇವಾ ಶಕೆಗಾದರೆ 2018 ಕೂಡಿಸಿ, ನಮ್ಮ ಇಸವಿ ಸಿಗುತ್ತದೆ.

ನಮ್ಮ ಫಿಸಿಯೋಥೆರಪಿಸ್ಟರ ಕಾಗದದಲ್ಲಿ ಹೇಸೇ 19 ಎಂದಿತ್ತು, ಅಂದರೆ 2007. ಫೋಟೋದಲ್ಲಿ ಕಾರು ಬೆಳ್ಳಿಯ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಗೀರುಗಳೂ ಕಡಿಮೆ. ಬೆಲೆಯೂ ಕಡಿಮೆ. ಆದರೆ ದಲ್ಲಾಳಿ ಟಿಪ್ಪಣಿಯಲ್ಲಿದ್ದ ಎರಡು ಜಪಾನಿ ಅಕ್ಷರಕ್ಕೆ ಕೆಂಪು ಗೆರೆ ಎಳೆದು, ತನ್ನ ಹರುಕು ಇಂಗ್ಲಿಷಿನಲ್ಲಿ ಪಕ್ಕದಲ್ಲಿ ಬರೆದಿದ್ದ: "ಕಾನ್‌ಸುಯಿ. ನೀರಿನ ಕಾರು. ದಯವಿಟ್ಟು ಕೊಳ್ಳಬೇಡಿ."

ಕಾನ್‌ಸುಯಿ ಎಂದರೆ ನೀರಿನಲ್ಲಿ ಮುಳುಗಿದ್ದು. ನಮ್ಮ ಮಿತ್ರರಿಗೆ ಅನುಮಾನ. "ದಕ್ತಾರಿ, ಇಷ್ಟು ಚೆನ್ನಾಗಿದೆ. ಜಾಸ್ತಿ ಬೆಲೆಯದ್ದು ಮಾರಲು ಹೀಗೆ ಹೇಳುತ್ತಿದ್ದಾನೋ ಏನೋ?" ಹಾಗೇ ಕೇಳಿ ಒಂದು ಇ-ಮೇಲ್ ಹಾಕಿದೆವು. ಮರುದಿನ ಉತ್ತರ ಬಂತು. ಯಾವ ಕಾರು ಕೊಂಡರೂ ನನ್ನ ಫೀಸು ಅಷ್ಟೇ. ಈ ವಾರ ಕೊಳ್ಳದಿದ್ದರೆ ನನಗೆ ಏನೂ ಸಿಗುವುದಿಲ್ಲ. ಆದರೂ ಇದು ಬೇಡ.

ಮಿತ್ರರು ಸಮಾಧಾನದಿಂದ ಹೋದರು. ನಾನು ಮಾತ್ರ ಆ ಕಾಗದ ಹಿಡಿದು ಕೂತೇ ಇದ್ದೆ. ಏಕೆಂದರೆ ನೀರಿನ ಕಾರು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನೇ ಒಂದನ್ನು ಮಾರಿದ್ದೆ.

ಆಗ ಇಲ್ಲಿದ್ದ ಹಳಬರು 2007ರ ಜೂನ್ ಮರೆತಿರಲಾರರು. ಗೋನು ಚಂಡಮಾರುತ ಸೂರ್ ಕಡೆಯಿಂದ ಬಂದು ಮಸ್ಕತ್‌ಗೆ ಅಪ್ಪಳಿಸಿತು. ವರ್ಷಕ್ಕೆ ನಾಲ್ಕು ಹನಿ ಕಂಡರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಮಳೆ ತೋರಿಸುವ ಊರಿದು. ಆ ದಿನ ವಾದಿಗಳೆಲ್ಲ ನದಿಯಾದವು, ಖುರುಮ್ ಕೆರೆಯಾಯಿತು. ಐವತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಸಮುದ್ರದ ನೀರು ಸಿಹಿ ಮಾಡುವ ಘಟಕಗಳು ನಿಂತು ಎಷ್ಟೋ ದಿನ ನಲ್ಲಿಯಲ್ಲಿ ನೀರಿಲ್ಲ. ಹೊರಗೆಲ್ಲ ನೀರು, ಕೊಡದಲ್ಲಿ ಮಾತ್ರ ಇಲ್ಲ. ನಾನು ಎರಡು ದಿನ ಆಸ್ಪತ್ರೆಯಲ್ಲೇ ಇದ್ದೆ. ಮನೆಗೆ ಬಂದು ನೋಡಿದರೆ ಕಟ್ಟಡದ ಕೆಳಗೆ ನಿಲ್ಲಿಸಿದ್ದ ನನ್ನ ಬಿಳಿ ಸೆಡಾನ್ ಸೀಟಿನವರೆಗೆ ಕೆಸರಿನಲ್ಲಿ ಕೂತಿತ್ತು. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ. ಅಂದರೆ ನಷ್ಟವೆಲ್ಲ ನನ್ನದೇ.

ಒಂದು ವರ್ಕ್‌ಶಾಪಿನಲ್ಲಿ ಎಳೆಸಿ ತಂದು, ಸೀಟು ಬಿಚ್ಚಿ ಬಿಸಿಲಿಗೆ ಒಣಗಿಸಿ, ಕಾರ್ಪೆಟ್ ಬದಲಾಯಿಸಿ, ಎಣ್ಣೆಗಳನ್ನೆಲ್ಲ ಬದಲಾಯಿಸಿದ ಮೇಲೆ ಕಾರು ಓಡಿತು. ಎಂಟು ತಿಂಗಳು ಓಡಿಸಿದೆ. ಆಗಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತುತ್ತಿತ್ತು, ತಾನೇ ಆರುತ್ತಿತ್ತು. ಮಳೆಗಾಲದ ಗೋಣಿಚೀಲದ ವಾಸನೆ ಒಂದು, ಏಸಿ ಹಾಕಿದಾಗ. ಅದಕ್ಕೆ ಸುಗಂಧದ ಡಬ್ಬಿ ತಂದು ಕಟ್ಟಿದೆ.

2008ರ ಆರಂಭದಲ್ಲಿ ಊರ ಕಡೆಯ ಒಬ್ಬ ಯುವಕ ಮಸ್ಕತ್‌ಗೆ ಹೊಸ ಕೆಲಸಕ್ಕೆ ಬಂದ. ಹೆಂಡತಿಗೆ ಆರು ತಿಂಗಳು. ನಮ್ಮ ಮನೆಯಲ್ಲಿ ನಾಲ್ಕು ಸಲ ಊಟಕ್ಕೆ ಬಂದಿದ್ದರು. ಕಾರು ಬೇಕೆಂದ. ನಾನು ಹೊಸದು ಕೊಳ್ಳುವವನಿದ್ದೆ. ನೋಡಿದ, ಓಡಿಸಿದ, ಖುಷಿಪಟ್ಟ. "ಡಾಕ್ಟರ ಕಾರು ಅಂದಮೇಲೆ ಇನ್ನೇನು ನೋಡುವುದು ಸರ್" ಎಂದ. 1,400 ರಿಯಾಲ್ ಎಣಿಸಿ ಕೊಟ್ಟ. ಮುಲ್ಕಿಯಾ ಅವನ ಹೆಸರಿಗಾಯಿತು.

ರಾತ್ರಿ ನನ್ನ ಹೆಂಡತಿ ಕೇಳಿದಳು: "ನೀರು ನುಗ್ಗಿದ್ದು ಹೇಳಿದ್ರಾ?"

"ಅವನು ಕೇಳಲಿಲ್ಲ" ಎಂದೆ.

ಅವಳು ಮತ್ತೆ ಮಾತಾಡಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ ನೋಡಿ. ಅದೇ ನನ್ನ ಸಮಾಧಾನ.

ಸಂಪಾದಕರ ಷರತ್ತು ಮುರಿದು ಇಲ್ಲೊಂದು ಸಾಲು ಸಕ್ಕರೆ ಕಾಯಿಲೆ ತರಲೇಬೇಕು. ಆ ಕಾಯಿಲೆಯ ಕೆಟ್ಟ ಗುಣ ಯಾವುದೆಂದರೆ, ಮೊದಲ ಕೆಲವು ವರ್ಷ ಅದು ನೋಯುವುದೇ ಇಲ್ಲ. ಕಣ್ಣು, ಮೂತ್ರಪಿಂಡ, ನರಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಮುಳುಗಿದ ಕಾರೂ ಹಾಗೆಯೇ. ಕಾರ್ಪೆಟ್ ಕೆಳಗಿನ ವೈರುಗಳ ಕೀಲುಗಳಲ್ಲಿ, ಬ್ರೇಕಿನ ಎ.ಬಿ.ಎಸ್. ಸೆನ್ಸರ್‌ಗಳಲ್ಲಿ, ಏರ್‌ಬ್ಯಾಗಿನ ಘಟಕದಲ್ಲಿ ಉಪ್ಪು, ಕೆಸರು ಉಳಿದು ತಿಂಗಳುಗಟ್ಟಲೆ ಹಸಿರು ಕಿಲುಬು ಕಟ್ಟುತ್ತದೆ. ಹೊರಗೆ ಥಳಥಳ, ಒಳಗೆ ಕಿಲುಬು. ರೋಗಿ ನನ್ನೆದುರು ಕೂತು "ನನಗೇನೂ ತೊಂದರೆಯಿಲ್ಲ ಡಾಕ್ಟರ್" ಎಂದರೆ ಬಿಡದೆ ರಕ್ತಪರೀಕ್ಷೆ ಬರೆಯುವ ನಾನು, ನನ್ನ ಕಾರಿನ ಕೇಸ್ ಶೀಟನ್ನೇ ಹರಿದು ಹಾಕಿದ್ದೆ.

ಆ ಜಪಾನಿ ತಪಾಸಿಗ ನನಗೆ ಅಪ್ಪನನ್ನು ನೆನಪಿಸಿದ. ನಾವು ದೊಡ್ಡಬಳ್ಳಾಪುರದ ಕಡೆಯವರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಾನು ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗುತ್ತಿದ್ದೆ. ಅಲ್ಲಿಯ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು, ಹಲ್ಲು ಎಣಿಸಿ ವಯಸ್ಸು ಹೇಳುವುದು, ಸುಳಿ ನೋಡುವುದು ನನಗೆ ಸಿನಿಮಾಕ್ಕಿಂತ ಹೆಚ್ಚು. ಮುಂದೆ ನಿಜ್ವಾದ ಶುಕ್ರವಾರದ ಸಂತೆಯಲ್ಲಿ ಆಡುಗಳನ್ನು ಸುತ್ತು ಹಾಕಿಸುತ್ತಾ ಕೂಗುವ ದಲ್ಲಾಲರನ್ನು ಮೊದಲ ಸಲ ನೋಡಿದಾಗ ನಾನು ಘಾಟಿಯಲ್ಲೇ ಇದ್ದೇನೆ ಅನ್ನಿಸಿತ್ತು. ಒಂದು ವರ್ಷ ಅಪ್ಪ ಹಳ್ಳಿಕಾರ್ ಜೋಡಿ ಮಾರಿದರು. ಬೆಲೆ ಕುದುರಿತು, ಬೆರಳು ಬಿಡಬೇಕು, ಅಷ್ಟರಲ್ಲಿ ಅಪ್ಪ ಕೊಳ್ಳುವವನಿಗೆ ಹೇಳಿದರು: "ಎಡಗಡೆಯದು ಇಳಿಜಾರಿನಲ್ಲಿ ಬೆದರ್ತದೆ ಕಣಪ್ಪ. ಗಾಡಿ ಕಟ್ಟೋವಾಗ ಜ್ವಾಪಾನ." ನೂರು ರೂಪಾಯಿ ಅಲ್ಲೇ ಇಳಿಯಿತು. ಮನೆಗೆ ಬಂದ ಮೇಲೆ ಅಮ್ಮ ರೇಗಿದರು, ಅವನೇನು ಕೇಳಿದ್ನಾ ಎಂದು. ಅಪ್ಪ ಹೇಳಿದ್ದು ಇಷ್ಟೇ: "ಬರೋ ವರ್ಷ ಜಾತ್ರೇಲಿ ಅವನ ಮಕ ನೋಡ್‌ಬೇಕಲ್ಲ."

ನನಗೆ ಆ ಮುಖ ನೋಡುವ ಕಷ್ಟ ಬೇಗ ತಪ್ಪಿತ್ತು. ಆ ಯುವಕ 2011ರಲ್ಲಿ ಕೆಲಸ ಬದಲಾಯಿಸಿ ಬೆಂಗಳೂರಿಗೆ ಹೋದ. ಅವನ ನಂಬರು ನನ್ನ ಹತ್ತಿರ ಇತ್ತು. ತಪಾಸಣಾ ಪಟ್ಟಿ ನೋಡಿದ ಆ ವಾರವೇ ಫೋನ್ ಮಾಡಿದೆ.

ಕುಶಲೋಪರಿ ಆಯಿತು. ಮಗಳು ಎರಡನೆಯ ತರಗತಿಯಂತೆ. ಕೊನೆಗೆ ಕಾರಿನ ಮಾತು ತೆಗೆದೆ. "ಆ ಕಾರಾ ಸರ್?" ಎಂದು ನಕ್ಕ. "ಅದು ನಮ್ಮನ್ನು ಒಂದು ಸಲ ಬಿದ್‌ಬಿದ್ ಹತ್ತಿರ ನಿಲ್ಲಿಸಿಬಿಟ್ಟಿತ್ತು. ಜೂನ್ ತಿಂಗಳು, ಮಧ್ಯಾಹ್ನ, ಮಗುವಿಗೆ ಒಂದು ವರ್ಷವೂ ಆಗಿರಲಿಲ್ಲ. ಒಬ್ಬ ಒಮಾನಿ ತನ್ನ ಪಿಕಪ್ ನಿಲ್ಲಿಸಿ, ಹೆಂಡತಿ ಮಗುವನ್ನು ಏಸಿಯಲ್ಲಿ ಕೂರಿಸಿ ಮನೆವರೆಗೂ ಬಿಟ್ಟರು. ಆಮೇಲೆ ಮೆಕ್ಯಾನಿಕ್ ಬಿಚ್ಚಿ ನೋಡಿ, ಇದು ಗೋನುವಿನಲ್ಲಿ ಮುಳುಗಿದ ಕಾರು ಎಂದ."

"ನನಗೆ ಗೊತ್ತಿತ್ತು" ಎಂದೆ. "ಹೇಳಲಿಲ್ಲ. ಅದಕ್ಕೇ ಫೋನ್ ಮಾಡಿದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ನಿಮಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೆ ಸರ್" ಎಂದ.

ಓದುಗ ಬಂಧುಗಳೇ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಏಳು ವರ್ಷ ಅವನು ನನ್ನ ಮೇಲಿಟ್ಟಿದ್ದ ಒಂದು ಒಳ್ಳೆಯ ಅಭಿಪ್ರಾಯವನ್ನು ನಾನೇ ಆ ಕ್ಷಣ ಅವನ ಕೈಯಿಂದ ಕಿತ್ತುಕೊಂಡೆ. ಹಣ ವಾಪಸ್ ಮಾಡುತ್ತೇನೆ, ಬ್ಯಾಂಕ್ ಖಾತೆಯ ನಂಬರು ಕಳಿಸು ಎಂದೆ. "ನೋಡೋಣ ಸರ್" ಎಂದ. ಕಳಿಸಲಿಲ್ಲ. ಎರಡು ಸಲ ನೆನಪಿಸಿದೆ. ದೀಪಾವಳಿಗೆ ಶುಭಾಶಯದ ಮೆಸೇಜು ಹಾಕುತ್ತೇನೆ, ಅವನೂ ಹಾಕುತ್ತಾನೆ. ಮೊದಲಿನ ಸಲಿಗೆ ಇಲ್ಲ. ಅದು ನಾನು ಕಟ್ಟಬೇಕಾದ ಬೆಲೆ ಎಂದುಕೊಂಡಿದ್ದೇನೆ.

ಅರ್ಥಶಾಸ್ತ್ರದಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧವೇ ಇದೆ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ವಿದ್ವಾಂಸ 1970ರಲ್ಲಿ ಬರೆದದ್ದು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಕೆಟ್ಟ ಹಳೇ ಕಾರಿಗೆ ಅಮೆರಿಕದವರು ನಿಂಬೆಹಣ್ಣು ಎನ್ನುತ್ತಾರೆ. ಮಾರುವವನಿಗೆ ಮಾತ್ರ ಹುಳುಕು ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲ ಕಾರನ್ನೂ ಅನುಮಾನಿಸಿ ಕಡಿಮೆ ಬೆಲೆಯೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರುವುದಿಲ್ಲ. ಕೊನೆಗೆ ಸಂತೆಯಲ್ಲಿ ನಿಂಬೆಹಣ್ಣುಗಳೇ ಉಳಿಯುತ್ತವೆ. ಜಪಾನಿನವರು ಈ ಕಾಯಿಲೆಗೆ ಕಂಡುಕೊಂಡ ಔಷಧಿ ಆ ಒಂದು ಹಾಳೆ ಕಾಗದ. ಹುಳುಕನ್ನು ಮೊದಲೇ ಬರೆದು ತೋರಿಸು, ಆಮೇಲೆ ಬೆಲೆ ಕೂಗಿಸು. ನಮ್ಮ ಅಪ್ಪ ಓದಿದ್ದು ನಾಲ್ಕನೆಯ ಕ್ಲಾಸು. ಅವರಿಗೆ ಈ ಸಿದ್ಧಾಂತ ತಿಳಿದಿತ್ತು.

ಜಾಂಜಿಬಾರಿನ ಅಕ್ಕನಿಗೆ ಏನಾಯಿತು? ಮೂರು ವಾರದ ನಂತರ ಅದೇ ದಲ್ಲಾಳಿ ಮೂರೂವರೆ ಗ್ರೇಡಿನ ಒಂದು ಕಾರು ಹಿಡಿದ. ಪಟ್ಟಿಯ ತುಂಬ ಎ2, ಯು1. ಹದಿಹರೆಯದ ಹುಡುಗನ ಮುಖದ ಮೊಡವೆಗಳ ಹಾಗೆ. ಆದರೆ ಮೂಳೆ ಗಟ್ಟಿ, ಎಂಜಿನ್ ಗಟ್ಟಿ. ಮೊನ್ನೆ ಕೇಳಿದಾಗ ಇನ್ನೂ ಓಡುತ್ತಿದೆ ಎಂದರು.

ನ್ಯೂಜಿಲೆಂಡ್‌ಗೋ ಆಫ್ರಿಕಾಗೋ ಹೊರಟಿರುವ, ಅಥವಾ ಇಲ್ಲೇ ಹಳೇ ಕಾರು ಹುಡುಕುತ್ತಿರುವ ನಮ್ಮ ಸಂಘದವರಿಗಾಗಿ ಡಾಕ್ಟರ ಚೀಟಿ ಹೀಗಿದೆ:

1. ಸ್ಟಿಯರಿಂಗ್ ಯಾವ ಕಡೆ, ವಯಸ್ಸಿನ ಮಿತಿ ಎಷ್ಟು, ಸುಂಕ ಎಷ್ಟು. ಕಾರು ಹೋಗುವ ದೇಶದ ಸರ್ಕಾರದಿಂದಲೇ ಮೊದಲು ತಿಳಿಯಿರಿ, ದಲ್ಲಾಳಿಯಿಂದಲ್ಲ.

2. ಮೂಲ ತಪಾಸಣಾ ಪಟ್ಟಿಯ ಪ್ರತಿ ಕೇಳಿ. ಅನುವಾದ ಮಾತ್ರ ಕೊಟ್ಟರೆ ಒಪ್ಪಬೇಡಿ. ಕೈಬರಹದ ಟಿಪ್ಪಣಿಯನ್ನು ಬೇರೆಯವರಿಂದಲೂ ಓದಿಸಿ.

3. ಪಟ್ಟಿಯ ಚಾಸಿ ನಂಬರು, ರಫ್ತು ಪ್ರಮಾಣಪತ್ರದ ನಂಬರು, ಕಾರಿನ ನಂಬರು ಮೂರೂ ಒಂದೇ ಇರಬೇಕು. ಕಿಲೋಮೀಟರ್ ಲೆಕ್ಕಕ್ಕೆ ಶಾಕೆನ್ ದಾಖಲೆ ನೋಡಿ.

4. ಬೆಲೆ ಹೇಳುವಾಗ ಎಫ್.ಓ.ಬಿ.ಯೋ ಸಿ.ಐ.ಎಫ್.ಓ ಕೇಳಿ. ಮೊದಲನೆಯದರಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುವುದಿಲ್ಲ. ಬಂದರಿನಿಂದ ಮನೆವರೆಗಿನ ಖರ್ಚು ಎರಡರಲ್ಲೂ ಇಲ್ಲ.

5. ವ್ಯಕ್ತಿಯ ಸ್ವಂತ ಖಾತೆಗೆ ಹಣ ಹಾಕಬೇಡಿ. ಸಂತೆಗಿಂತ ಅರ್ಧ ಬೆಲೆ ಹೇಳುವವನು ಬಹುಶಃ ಕಾರೇ ಇಲ್ಲದವನು. ಜಪಾನಿನ ಹಳೇ ವಾಹನ ರಫ್ತುದಾರರ ಸಂಘ, ಜುಮ್ವಿಯಾ, ಅದರ ಸದಸ್ಯನೇ ಎಂದು ವಿಚಾರಿಸಿ.

6. ಇಲ್ಲಿ ಕೊಳ್ಳುವವರು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ, ಕಾರ್ಪೆಟ್ ಎತ್ತಿ ಮೂಸಿ ನೋಡಿ, ಸೀಟಿನ ಕಂಬಿಯ ತುಕ್ಕು ನೋಡಿ. ಗೋನು ಆಯಿತು, 2010ರಲ್ಲಿ ಫೆಟ್, 2021ರಲ್ಲಿ ಶಾಹೀನ್ ಬಾತಿನಾವನ್ನು ಮುಳುಗಿಸಿತು. ಪ್ರತಿ ಚಂಡಮಾರುತದ ಹಿಂದೆ ಹೊಳೆಯುವ ಅಗ್ಗದ ಕಾರುಗಳು ಬರುತ್ತವೆ.

7. ಕೇಳಿ. ನಾಚಿಕೆ ಬೇಡ, ಮಾರುವವನು ಡಾಕ್ಟರಾದರೂ ಸರಿ, ಊಟ ಹಾಕಿದವನಾದರೂ ಸರಿ.

ಎಂಟನೆಯದು ಮಾರುವವರಿಗೆ. ನಾನು 2016ರಲ್ಲಿ ಮುಂದಿನ ಕಾರು ಮಾರುವಾಗ ಒಂದು ಬಿಳಿ ಹಾಳೆಯ ಮೇಲೆ ಕಪ್ಪೆಯ ಹಾಗೆ ಹರಡಿದ ಕಾರಿನ ಚಿತ್ರ ಬರೆದೆ. ನನ್ನ ಚಿತ್ರಕಲೆ ನನ್ನ ಕೈಬರಹಕ್ಕಿಂತ ಕೆಟ್ಟದ್ದು. ಎಡ ಬಾಗಿಲಿಗೆ ಯು1, ಹಿಂದಿನ ಬಂಪರಿಗೆ ಎ2, ಗೇರ್‌ಬಾಕ್ಸ್ ಬೆಳಿಗ್ಗೆ ಸ್ವಲ್ಪ ಹಟ ಮಾಡುತ್ತದೆ ಎಂದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದು ಕೊಳ್ಳುವವರ ಕೈಗೆ ಕೊಟ್ಟೆ. ಅವರು ಓದಿ 150 ರಿಯಾಲ್ ಇಳಿಸಿದರು. ಈ ಸಲ ರಾತ್ರಿ ಹೆಂಡತಿ ಏನೂ ಕೇಳಲಿಲ್ಲ. ಆ ಹಾಳೆಗೆ ಕೈಬರಹ ತಿದ್ದಿಕೊಟ್ಟವಳೇ ಅವಳು.

ಆ ಕಾರು ಕೊಂಡವರು ನಮ್ಮ ಸಂಘದ ಸದಸ್ಯರೇ. ಪ್ರತಿ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ಸಿಗುತ್ತಾರೆ. "ಡಾಕ್ಟ್ರೇ, ನಿಮ್ಮ ಗೇರ್‌ಬಾಕ್ಸ್ ಇನ್ನೂ ಹಟ ಮಾಡ್ತಿದೆ" ಎಂದು ನಗುತ್ತಾರೆ. ನಾನೂ ನಗುತ್ತೇನೆ, ಅವರ ಮುಖ ನೋಡುತ್ತಾ.

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಶುಭಾಶಯಗಳು. ಹೋಳಿಗೆಗೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ, ಪರವಾಗಿಲ್ಲ. ಎರಡನೆಯ ಚಮಚದ ವಿಷಯ ಮುಂದಿನ ವರ್ಷ.